ಸೂಜಿ ಹಾಕಿಸಿಕೊಂಡರೆ ಹೊಟ್ಟೆ ಹುಣ್ಣಾಗುವುದಿಲ್ಲವೇ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಮಂಡಿನೋವಿಗೆ ಡೈಕ್ಲೊಫೆನಾಕ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೊಟ್ಟೆ ಉರಿಯುತ್ತದೆ ಎಂದಾಗ ಪರಿಚಯದವರೊಬ್ಬರು, ‘ಮಾತ್ರೆ ಬಿಟ್ಟು ಸೂಜಿ ಹಾಕಿಸಿ, ಅದು ಹೊಟ್ಟೆಗೆ ಹೋಗುವುದೇ ಇಲ್ಲ’ ಎಂದರು. ಇದು ಸರಿಯೇ?

ಉತ್ತರ: ಸರಿಯಲ್ಲ. ಸೂಜಿಮದ್ದು ಬಾಯಿಯ ದಾರಿ ಹಿಡಿಯದಿದ್ದರೂ ರಕ್ತದ ದಾರಿಯಲ್ಲಿ ಜಠರಕ್ಕೆ ಬಂದೇ ಬರುತ್ತದೆ.

ಜಠರದಲ್ಲಿ ಒಸರುವ ಆಮ್ಲ ಬಲು ತೀಕ್ಷ್ಣ. ಅದರಿಂದ ತನ್ನನ್ನು ಕಾಪಾಡಿಕೊಳ್ಳಲು ಜಠರದ ಒಳಪದರ ಲೋಳೆಯನ್ನೂ ಆಮ್ಲವನ್ನು ತಣಿಸುವ ಬೈಕಾರ್ಬನೇಟನ್ನೂ ಸುರಿಸುತ್ತಿರುತ್ತದೆ. ಸವೆದ ಕೋಶಗಳ ಜಾಗಕ್ಕೆ ಹೊಸವು ಬೇಗ ಬರಲು ಅಲ್ಲಿ ರಕ್ತವೂ ಧಾರಾಳವಾಗಿ ಹರಿಯಬೇಕು. ಇವೆಲ್ಲ ನಡೆಯುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಸೂಚನೆಯಂತೆ. ಅಮ್ಮನ ಮಂಡಿಯಲ್ಲಿ ಊತ, ನೋವು ಹೆಚ್ಚಿಸುವುದೂ ಇದೇ ಪ್ರೊಸ್ಟಾಗ್ಲಾಂಡಿನ್! ಆಸ್ಪಿರಿನ್ ಜಾತಿಯ ಔಷಧಗಳು ಇದರ ತಯಾರಿಕೆಯನ್ನೇ ತಡೆಯುತ್ತವೆಂದು 1971ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟ ಜಾನ್ ವೇನ್, 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಡೈಕ್ಲೊಫೆನಾಕ್ ಕೂಡ ಇದೇ ಜಾತಿಯದು. ಮಂಡಿಯಲ್ಲಿ ತಡೆದು ಜಠರದಲ್ಲಿ ಬಿಡುವ ವಿವೇಚನೆ ಅದಕ್ಕಿಲ್ಲ.

ಮಾತ್ರೆ ನೇರವಾಗಿ ತಾಗಿಯೂ ಒಳಪದರವನ್ನು ಕೆರಳಿಸುತ್ತದೆ, ನಿಜ. ಊಟದ ನಂತರ ತೆಗೆದುಕೊಂಡರೆ ಉರಿ ಕಡಿಮೆಯಾಗುವುದು ಇದಕ್ಕೇ. ಆದರೆ ಉರಿ ಕಡಿಮೆಯಾಯಿತೆಂದು ಹುಣ್ಣಿನ ಭಯ ಹೋಯಿತೆಂದುಕೊಳ್ಳಬೇಡಿ. ವಯಸ್ಸಾದವರಲ್ಲಿ ಎಷ್ಟೋ ಸಲ ಉರಿ, ನೋವು ಯಾವುದೂ ಇಲ್ಲದೆ ರಕ್ತಸ್ರಾವವೇ ಮೊದಲ ಲಕ್ಷಣವಾಗಿ ಕಾಣಿಸಿಕೊಳ್ಳುತ್ತದೆ.

ಕರುಳಿನ ವಿಷಯ ಇನ್ನೂ ಸೂಕ್ಷ್ಮ. ಡೈಕ್ಲೊಫೆನಾಕ್ ಯಕೃತ್ತಿಗೆ ಹೋಗಿ ಪಿತ್ತರಸದ ಜೊತೆ ಮತ್ತೆ ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಸಕ್ರಿಯಗೊಳಿಸಿದಾಗ ಕರುಳಿನ ಪದರಕ್ಕೆ ಇನ್ನೊಮ್ಮೆ ಪೆಟ್ಟು. ಆರೋಗ್ಯವಂತ ಸ್ವಯಂಸೇವಕರಿಗೆ ಎರಡು ವಾರ ಡೈಕ್ಲೊಫೆನಾಕ್ ಕೊಟ್ಟು, ನುಂಗುವ ಕ್ಯಾಮೆರಾದಿಂದ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರ ಸಣ್ಣಕರುಳಿನಲ್ಲಿ ಗಾಯಗಳು ಕಂಡವು. ಅವರೆಲ್ಲ ಜೊತೆಗೆ ಒಮೆಪ್ರಜೋಲ್ ಕೂಡ ತೆಗೆದುಕೊಳ್ಳುತ್ತಿದ್ದರು. ನಾವು ‘ಗ್ಯಾಸ್ ಮಾತ್ರೆ’ ಎನ್ನುವ ಇಂಥ ಔಷಧಗಳು ಜಠರವನ್ನು ಚೆನ್ನಾಗಿ ಕಾಯುತ್ತವೆ. ಆಮ್ಲವೇ ತಲುಪದ ಕೆಳಗಿನ ಕರುಳನ್ನು ಕಾಯುವುದಿಲ್ಲ.

ನನಗೆ ನಿಜವಾಗಿ ಆತಂಕ ತರುವುದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ‘ಮೈಕೈ ನೋವಿನ ಮಾತ್ರೆ’. ಒಂದರಲ್ಲಿ ಅಸಿಕ್ಲೊಫೆನಾಕ್, ಇನ್ನೊಂದರಲ್ಲಿ ಐಬುಪ್ರೊಫೆನ್ ಇದ್ದು, ಎರಡೂ ಒಂದೇ ಜಾತಿಯವೆಂದು ತಿಳಿಯದೆ ಒಟ್ಟಿಗೆ ನುಂಗುವವರಿದ್ದಾರೆ. ಸ್ಟ್ರಿಪ್ಪಿನ ಹಿಂದೆ ಬರೆದಿರುವ ಹೆಸರನ್ನು ಓದಿಸಿಕೊಳ್ಳಿ. ಹೃದಯಕ್ಕೆಂದು ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಸ್ಟಿರಾಯ್ಡ್ ಜೊತೆಗಿದ್ದರೆ ಅಪಾಯ ಇನ್ನೂ ಏರುತ್ತದೆ. ಹಾಗೆಂದು ಅವನ್ನು ನೀವಾಗಿ ನಿಲ್ಲಿಸುವಂತಿಲ್ಲ, ವೈದ್ಯರಿಗೆ ಎಲ್ಲ ಮಾತ್ರೆಗಳನ್ನೂ ತೋರಿಸಬೇಕು.

ಮಂಡಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್‌ನಿಂದ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ, ಆದ್ದರಿಂದ ಅದನ್ನೇ ಮೊದಲು ಪ್ರಯತ್ನಿಸಬಹುದು. ಮಾತ್ರೆಯೇ ಬೇಕಾದರೆ ಸಾಧ್ಯವಾದಷ್ಟು ಸಣ್ಣ ಪ್ರಮಾಣ, ಕೆಲವೇ ದಿನ. ಹಿಂದೆ ಹುಣ್ಣಾಗಿದ್ದರೆ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕಿನ ಪರೀಕ್ಷೆ ಮಾಡಿಸಿ. ಎಟೊರಿಕಾಕ್ಸಿಬ್‌ನಂಥ ಹೊಸ ತಳಿಯ ಮಾತ್ರೆ ಜಠರಕ್ಕೆ ಸ್ವಲ್ಪ ಸೌಮ್ಯವಾದರೂ ಹೃದಯದ ತೊಂದರೆಯಿದ್ದವರಿಗೆ ಒಳ್ಳೆಯದಲ್ಲ. ಅದೇ ಗುಂಪಿನ ರೋಫೆಕಾಕ್ಸಿಬ್ 2004ರಲ್ಲಿ ಮಾರುಕಟ್ಟೆಯಿಂದ ಹೋದದ್ದು ಹೃದಯಾಘಾತದ ಕಾರಣಕ್ಕೆ.

ಮಲ ಟಾರಿನಂತೆ ಕಪ್ಪಗೆ ಅಂಟಂಟಾಗಿದ್ದರೆ, ರಕ್ತವಾಂತಿಯಾದರೆ, ಎದ್ದು ನಿಂತಾಗ ತಲೆ ಸುತ್ತಿ ಬೆವರಿದರೆ ಬೆಳಗಾಗಲೆಂದು ಕಾಯದೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಯಾವುದೆಂದು ಅನುಮಾನವಿದ್ದರೆ ರಕ್ತಸ್ರಾವವೆಂದೇ ಭಾವಿಸಿ ಹೊರಡಿ.