ಒಂದು ಗಣಕಯಂತ್ರಕ್ಕೆ ಎರಡು ಮಾನಿಟರ್

ಮೇಲೂರಿನ ನಮ್ಮ ಮನೆಯ ಗಣಕಯಂತ್ರಕ್ಕೆ ಎರಡನೆಯ ಮಾನಿಟರನ್ನು ಜೋಡಿಸಲೆಂದು ಎಚ್‌ಡಿಎಂಐ ಸ್ಪ್ಲಿಟರೊಂದನ್ನು ಕೊಂಡು ತಂದೆವು. ಎರಡು ತೆರೆಗಳ ಮೇಲೂ ಮೂಡಿದುದು ಒಂದೇ ಚಿತ್ರ! ಹಣ ವ್ಯರ್ಥವಾಯಿತು. ಕಾರಣವೇನು?

ಸಾಮಾನ್ಯವಾದ ತೆರೆಯೊಂದರಲ್ಲಿ ಅಡ್ಡಕ್ಕೆ 1,920, ಎತ್ತರಕ್ಕೆ 1,080, ಒಟ್ಟು 20,73,600 ಬಿಂದುಗಳಿರುವುವು. ಪ್ರತಿ ಬಿಂದುವಿನ ಬಣ್ಣವನ್ನು ತಿಳಿಸಲು 24 ಬಿಟ್‌ಗಳು ಬೇಕು. ಚಿತ್ರವು ಸೆಕೆಂಡಿಗೆ 60 ಬಾರಿ ಹೊಸದಾಗಬೇಕು. ಗುಣಿಸಿ ನೋಡಿರಿ: ಸೆಕೆಂಡಿಗೆ ಸುಮಾರು 299 ಕೋಟಿ ಬಿಟ್‌ಗಳು! ನಮ್ಮ ಸೀಮೆಯ ರೇಷ್ಮೆಗೂಡಿನಿಂದ ಒಂದೇ ಎಳೆ ಬಿಚ್ಚಿಕೊಳ್ಳುವಂತೆ, ಎಚ್‌ಡಿಎಂಐ ಪೋರ್ಟಿನಿಂದ ಹೊರಡುವುದು ಇಂತಹ ಒಂದೇ ಪ್ರವಾಹ. ಸ್ಪ್ಲಿಟರು ಅದನ್ನು ನಕಲು ಮಾಡಬಲ್ಲುದೇ ಹೊರತು ಬೇರೊಂದು ಚಿತ್ರವನ್ನು ರಚಿಸಲಾರದು. ಆದುದರಿಂದ ಕೊಳ್ಳುವ ಮುನ್ನ ಯಂತ್ರದ ಹಿಂಬದಿಯ ಪೋರ್ಟುಗಳನ್ನು ಎಣಿಸಬೇಕು.

ನಮ್ಮ ಯಂತ್ರದಲ್ಲಿ ಡಿಸ್‌ಪ್ಲೇಪೋರ್ಟ್ ಮೊದಲಿನಿಂದಲೂ ಇದ್ದಿತು, ನಾವೇ ನೋಡಿರಲಿಲ್ಲ. ಅದಕ್ಕೆ ಕೇಬಲ್ ಜೋಡಿಸಿ, ವಿಂಡೋಸ್ ಕೀಲಿಯೊಡನೆ ‘ಪಿ’ಯನ್ನು ಒತ್ತಿ, ‘ಎಕ್ಸ್‌ಟೆಂಡ್’ ಎಂಬುದನ್ನು ಆರಿಸಿದೆವು. ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಲೆಕ್ಕ!

ಆದರೆ ಎಡಗಡೆಯ ಹೊಸ ತೆರೆಗೆ ಮೌಸಿನ ಬಾಣವು ದಾಟಲೊಲ್ಲದು. ಯಂತ್ರಕ್ಕೆ ನಮ್ಮ ಮೇಜು ಕಾಣಿಸದಷ್ಟೆ. ಹೊಸ ತೆರೆಯು ಬಲಗಡೆಗಿದೆಯೆಂದೇ ಅದು ಭಾವಿಸಿದ್ದಿತು. ಸೆಟ್ಟಿಂಗ್ಸಿನ ಡಿಸ್‌ಪ್ಲೇ ಪುಟದಲ್ಲಿ ‘2’ ಎಂದು ಬರೆದ ಚೌಕವನ್ನು ಎಡಕ್ಕೆಳೆದು ಇರಿಸಿ, ‘ಅಪ್ಲೈ’ ಎಂಬುದನ್ನು ಒತ್ತಿದೊಡನೆ ಬಾಣವು ಸರಾಗವಾಗಿ ದಾಟಿತು.