ಗ್ರಾಫೀನ್ ಬೆರೆತ ಪ್ಲಾಸ್ಟಿಕ್ ಹಾಳೆ: ಬಲವೆಷ್ಟು, ಲಾಭವೆಷ್ಟು?

ಅಡಿಕೆ, ಕೊಬ್ಬರಿಯ ದಾಸ್ತಾನಿಗೆ ತೇವಾಂಶ ತಗುಲಿದರೆ ಆಗುವ ನಷ್ಟವನ್ನು ಚೌಳಹಿರಿಯೂರು, ಬೀರೂರು, ಕಡೂರು ಭಾಗದ ವರ್ತಕರು ಚೆನ್ನಾಗಿ ಬಲ್ಲರು. ಚೀಲದ ಒಳಪದರವಾಗಿ ಬಳಸುವ ಪಾಲಿಥೀನ್ ಹಾಳೆಯನ್ನು ಗ್ರಾಫೀನ್‌ನಿಂದ ಬಲಪಡಿಸುವ ವಿಧಾನವು ಆದಕಾರಣ ವರ್ತಕರಿಗೂ ಹಾಳೆ ತಯಾರಕರಿಗೂ ಪರಿಶೀಲನಾರ್ಹವಾಗಿದೆ.

ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಪದರ. ಇದನ್ನು 2004ರಲ್ಲಿ ಗ್ರಾಫೈಟ್‌ನಿಂದ ಬೇರ್ಪಡಿಸಿದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅವರಿಗೆ 2010ರ ನೊಬೆಲ್ ಪಾರಿತೋಷಕ ಸಂದಿತು. ವಾಣಿಜ್ಯ ಬಳಕೆಯ ಪುಡಿಯಲ್ಲಿ ಸಾಮಾನ್ಯವಾಗಿ ಹಲವು ಪದರಗಳು ಕೂಡಿರುತ್ತವೆ. ಪ್ಲಾಸ್ಟಿಕ್‌ನಲ್ಲಿ ಸಮವಾಗಿ ಹರಡಿದ ಈ ಚಪ್ಪಟೆ ಕಣಗಳು ಎಳೆತದ ಭಾರವನ್ನು ಹೊರುತ್ತವೆ. ತೇವಾಂಶವು ಅವುಗಳನ್ನು ಬಳಸಿಕೊಂಡು ಸಾಗಬೇಕಾದುದರಿಂದ ಒಳಸೇರುವುದು ನಿಧಾನವಾಗುತ್ತದೆ.

ಬೆಂಗಳೂರಿನ ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು ಪಾಲಿವಿನೈಲ್ ಆಲ್ಕೊಹಾಲ್‌ಗೆ ಶೇ. 0.6ರಷ್ಟು ಗ್ರಾಫೀನ್ ಸೇರಿಸಿದಾಗ ಅದರ ಬಿಗಿತ, ಗಡಸುತನಗಳು ಗಮನಾರ್ಹವಾಗಿ ಹೆಚ್ಚಿದುದನ್ನು 2009ರಲ್ಲಿ ಪ್ರಕಟಿಸಿದರು. ಆದರೆ ಆ ಪ್ಲಾಸ್ಟಿಕ್ ನೀರಿನಲ್ಲಿ ಕರಗುವಂಥದು. ದ್ರಾವಣದಲ್ಲಿ ಕಣಗಳನ್ನು ಹರಡುವುದು ಸುಲಭ. ಕರಗಿಸಿ ಊದುವ ಪಾಲಿಥೀನ್‌ನಲ್ಲಿ ಕಣಗಳು ಗಂಟುಕಟ್ಟುವ ಸಂಭವ ಹೆಚ್ಚು. ಗಂಟಿದ್ದೆಡೆಯೇ ಹಾಳೆ ಹರಿಯತೊಡಗುತ್ತದೆ. ಆದುದರಿಂದ ಪ್ರಯೋಗಾಲಯದ ಅಂಕಿಗಳನ್ನು ಕಾರ್ಖಾನೆಗೆ ಯಥಾವತ್ತಾಗಿ ಅನ್ವಯಿಸಲಾಗದು.

ವೆಚ್ಚದ ಲೆಕ್ಕಕ್ಕೆ ಒಂದು ಕಾಲ್ಪನಿಕ ಉದಾಹರಣೆ: ಪಾಲಿಥೀನ್ ಕಿಲೋಗೆ ರೂ. 100, ಗ್ರಾಫೀನ್ ಕಿಲೋಗೆ ರೂ. 4,000, ಮಿಶ್ರಣದ ಪ್ರಮಾಣ ಶೇ. 0.5 ಎಂದಿಟ್ಟುಕೊಳ್ಳೋಣ. ಆಗ ಒಂದು ಕಿಲೋ ಮಿಶ್ರಣದ ಬೆಲೆ 99.50 + 20 = ರೂ. 119.50. ಹಾಳೆಯ ದಪ್ಪವನ್ನು 100 ಮೈಕ್ರಾನ್‌ನಿಂದ 80ಕ್ಕೆ ಇಳಿಸಲು ಸಾಧ್ಯವಾದರೆ, ಮೊದಲು ರೂ. 100 ತಗಲುತ್ತಿದ್ದಷ್ಟೇ ವಿಸ್ತೀರ್ಣಕ್ಕೆ ರೂ. 95.60 ತಗಲುತ್ತದೆ. ದಪ್ಪ 90 ಮೈಕ್ರಾನ್‌ಗೆ ಮಾತ್ರ ಇಳಿದರೆ ರೂ. 107.55 ಆಗಿ ನಷ್ಟವೇ ಸರಿ. ಈ ದರಗಳಲ್ಲಿ ಸುಮಾರು ಶೇ. 16.3ರಷ್ಟು ತೆಳುವಾದರೆ ಮಾತ್ರ ಲಾಭ-ನಷ್ಟ ಸರಿದೂಗುತ್ತದೆ. ಮಿಶ್ರಣದ ಕೂಲಿ, ವಿದ್ಯುತ್ ಖರ್ಚು ಇದಕ್ಕೆ ಹೊರತು.

ತೆಳುಗೊಳಿಸಲು ಕಾನೂನಿನ ಮಿತಿಯೂ ಇದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸರಕು ಸುತ್ತುವ ಹಾಳೆ ಸಾಮಾನ್ಯವಾಗಿ 50 ಮೈಕ್ರಾನ್‌ಗಿಂತ ಕಡಿಮೆ ಇರುವಂತಿಲ್ಲ. ಕೊಬ್ಬರಿಯಂತಹ ಆಹಾರ ಪದಾರ್ಥಕ್ಕೆ ತಗಲುವ ಹಾಳೆಯಾದರೆ ವಸ್ತು ಸೋರಿಕೆಯ ಪರೀಕ್ಷೆಯೂ ಅಗತ್ಯ. ಗ್ರಾಫೀನ್ ಬೆರೆತ ಹಾಳೆ ಕಪ್ಪಾಗುವುದರಿಂದ ಒಳಗಿನ ಸರಕು ಕಾಣಿಸದೆಂಬುದನ್ನೂ ಗ್ರಾಹಕರಿಗೆ ಮೊದಲೇ ತಿಳಿಸುವುದು ಒಳಿತು.

ಹೊಸ ಯಂತ್ರಕ್ಕೆ ಬಂಡವಾಳ ಹೂಡುವ ಮುನ್ನ ಸಿದ್ಧ ಮಾಸ್ಟರ್‌ಬ್ಯಾಚ್‌ನಿಂದ ಸಣ್ಣ ಪ್ರಮಾಣದ ಹಾಳೆ ತಯಾರಿಸಿ, ಮೈಸೂರಿನ ಸಿಪೆಟ್‌ನಂತಹ ಸಂಸ್ಥೆಯಲ್ಲಿ ಎಳೆತ, ಹರಿತ, ತೇವಾಂಶ ತಡೆಗಳನ್ನು ಪರೀಕ್ಷಿಸುವುದು ವಿವೇಕ. ಮಾರಾಟಗಾರರ ಭರವಸೆಗಿಂತ ಪರೀಕ್ಷಾ ವರದಿಯೇ ಖರೀದಿಗೆ ಆಧಾರವಾಗಬೇಕು.