ಕೊನೆಯ ಸುತ್ತಿನ ಆಟಗಾರನನ್ನು ಅಳೆಯುವುದು ಹೇಗೆ?

ಯೌವನಸ್ಥರ ಕೂಟ, ಕಲಘಟಗಿ
ವಾಕ್ಯಭಾಗ: 1 ಸಮುವೇಲ 16 ಮತ್ತು 17ನೇ ಅಧ್ಯಾಯಗಳು

 

ಇವತ್ತಿನ ಪಾಠ ಕಬಡ್ಡಿಯ ಬಗ್ಗೆ. ನಗಬ್ಯಾಡ್ರಿ. ಹೆಸರಿಲ್ಲದ ಒಬ್ಬ ಡಿಫೆಂಡರ್‌ನನ್ನು ತಂಡಕ್ಕೆ ತಗೋಬೇಕೋ ಬೇಡವೋ ಅಂತ ಹೇಗೆ ನಿರ್ಧಾರ ಮಾಡೋದು? ಈ ಒಂದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದೇವೆ. ಇಂಟರ್‌ವ್ಯೂ ಕೊಟ್ಟು ವಾಪಸ್ ಬಂದವರಿಗೆ ಈ ಪ್ರಶ್ನೆ ಯಾಕೆ ಮುಖ್ಯ ಅಂತ ಬೇಗ ಗೊತ್ತಾಗುತ್ತದೆ.

ಹರಾಜಿನ ಕೊನೆಯ ಹೊತ್ತು

ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಶುರುವಾಯಿತು. ಈಗ 12 ತಂಡಗಳಿವೆ. ಹರಾಜಿನಲ್ಲಿ ಆಟಗಾರರನ್ನು ಎ, ಬಿ, ಸಿ, ಡಿ ಅಂತ ನಾಲ್ಕು ವಿಭಾಗ ಮಾಡುತ್ತಾರೆ. 2024ರ ಹರಾಜಿನಲ್ಲಿ ಎ ವಿಭಾಗದ ಮೂಲಬೆಲೆ 30 ಲಕ್ಷ, ಬಿ 20 ಲಕ್ಷ, ಸಿ 13 ಲಕ್ಷ, ಡಿ 9 ಲಕ್ಷ ರೂಪಾಯಿ.

ಮೇಲಿನವರನ್ನು ಆರಿಸುವುದು ಕಷ್ಟ ಅಲ್ಲ. 2023ರಲ್ಲಿ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷಕ್ಕೂ ಹೆಚ್ಚಿಗೆ ಹೋದರು. ಅದೇ ಹರಾಜಿನಲ್ಲಿ ಇರಾನಿನ ಡಿಫೆಂಡರ್ ಮೊಹಮ್ಮದ್‌ರೆಝಾ ಶಾಡ್ಲೂಯಿ 2 ಕೋಟಿ 35 ಲಕ್ಷಕ್ಕೆ ಪುಣೇರಿ ಪಲ್ಟನ್ ಸೇರಿದರು. ಆ ತಂಡ 2024ರ ಮಾರ್ಚ್ 1ರಂದು ಕಪ್ ಗೆದ್ದಿತು. ಕೋಚ್ ಯಾರು ಗೊತ್ತೇನು? ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಆದರೆ ಶಾಡ್ಲೂಯಿ ಒಳ್ಳೆ ಆಟಗಾರ ಅಂತ ಹೇಳಲಿಕ್ಕೆ ಕೋಚೇ ಬೇಕಾಗಿಲ್ಲ, ಟಿವಿ ನೋಡುವ ನಮ್ಮಜ್ಜನೂ ಹೇಳ್ತಾನೆ.

ಕಷ್ಟ ಇರೋದು ಕೊನೆಯ ಹೊತ್ತಿನಲ್ಲಿ. ತಂಡದ ಕೈಯಲ್ಲಿ ದುಡ್ಡು ಖಾಲಿಯಾಗುತ್ತಾ ಬಂದಿದೆ. ಡಿ ವಿಭಾಗದಲ್ಲಿ ಒಬ್ಬ ಕಾರ್ನರ್ ಇದ್ದಾನೆ. ಎತ್ತರ ಕಡಿಮೆ, ಟಿವಿಯಲ್ಲಿ ಆಡಿದವನಲ್ಲ. ಅವನನ್ನು ಯಾವ ಅಳತೆಯಿಂದ ಅಳೆಯುತ್ತೀರಿ?

ಅಮೆರಿಕದ ಇಬ್ಬರು

ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಪ್ರತಿ ವರ್ಷ ಕೇಳುತ್ತಾರೆ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಎನ್‌ಎಫ್‌ಎಲ್ ಅನ್ನುವ ಲೀಗ್‌ನಲ್ಲಿ 32 ತಂಡ. ಕಾಲೇಜು ಮುಗಿಸಿ ಬರುವ ಹುಡುಗರನ್ನು 7 ಸುತ್ತಿನಲ್ಲಿ ಒಬ್ಬೊಬ್ಬರಾಗಿ ಆರಿಸುತ್ತಾರೆ. ಇದಕ್ಕೆ ಡ್ರಾಫ್ಟ್ ಅಂತಾರೆ. ಡ್ರಾಫ್ಟ್‌ಗೆ ಮೊದಲು ಹುಡುಗರ ಎತ್ತರ, ತೂಕ, 40 ಗಜದ ಓಟ, 102 ಕಿಲೋ ಭಾರ ಎಷ್ಟು ಸಲ ಎತ್ತುತ್ತಾನೆ, ಎಲ್ಲಾ ಅಳೆಯುತ್ತಾರೆ.

ಆ ಆಟದಲ್ಲಿ ಲೈನ್‌ಬ್ಯಾಕರ್ ಅಂತ ಒಂದು ಸ್ಥಾನ ಇದೆ. ಮುಂದಿನ ಸಾಲಿನ ದೊಡ್ಡ ದೇಹದವರ ಹಿಂದೆ ನಿಂತು, ಎದುರಾಳಿ ಯಾವ ಕಡೆ ನುಗ್ಗುತ್ತಾನೆ ಅಂತ ಮೊದಲೇ ತಿಳಿದು ಹೋಗಿ ಕೆಡವುವವನು. ನಮ್ಮ ಕಾರ್ನರ್ ಕೆಲಸಕ್ಕೆ ಹತ್ತಿರದ್ದು.

1996ರಲ್ಲಿ ಝಾಕ್ ಥಾಮಸ್ ಅನ್ನುವ ಲೈನ್‌ಬ್ಯಾಕರ್ 5ನೇ ಸುತ್ತಿನಲ್ಲಿ, 154ನೆಯವನಾಗಿ ಆಯ್ಕೆಯಾದ. ಮಯಾಮಿ ಡಾಲ್ಫಿನ್ಸ್ ತಂಡ ತಗೊಂಡಿತು. ಆರು ಅಡಿಯೂ ಇರಲಿಲ್ಲ, ಆ ಜಾಗಕ್ಕೆ ಗಿಡ್ಡ ಅಂದರು. ಮೊದಲನೇ ವರ್ಷವೇ ಆರಂಭದ ಆಟಗಾರನಾದ. ಎದುರಾಳಿಗಳ ವಿಡಿಯೋ ಕೂತು ಓದುವುದರಲ್ಲಿ ಹೆಸರುವಾಸಿ. 2023ರಲ್ಲಿ ಆ ಆಟದ ಹಾಲ್ ಆಫ್ ಫೇಮ್‌ಗೆ ಸೇರಿದ.

ಸ್ಯಾಮ್ ಮಿಲ್ಸ್ ಕಥೆ ಇನ್ನೂ ಕಷ್ಟದ್ದು. ಎತ್ತರ 5 ಅಡಿ 9 ಇಂಚು. 1981ರಲ್ಲಿ ಅವನನ್ನು ಯಾರೂ ಆರಿಸಲೇ ಇಲ್ಲ. ತಂಡಗಳು ಕರೆದು ವಾಪಸ್ ಕಳಿಸಿದವು. ಹೈಸ್ಕೂಲಿನಲ್ಲಿ ಫೋಟೋಗ್ರಫಿ ಕಲಿಸುವ ಮೇಷ್ಟ್ರಾದ. ಆಮೇಲೆ ಬೇರೊಂದು ಹೊಸ ಲೀಗ್‌ನಲ್ಲಿ ಜಿಮ್ ಮೋರಾ ಅನ್ನುವ ಕೋಚ್ ಅವನ ಆಟ ನೋಡಿದರು. ಅದೇ ಕೋಚ್ 1986ರಲ್ಲಿ ಎನ್‌ಎಫ್‌ಎಲ್‌ಗೆ, ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ಹೋಗುವಾಗ ಮಿಲ್ಸ್‌ನನ್ನೂ ಕರಕೊಂಡು ಹೋದರು. 2022ರಲ್ಲಿ ಮಿಲ್ಸ್‌ಗೂ ಹಾಲ್ ಆಫ್ ಫೇಮ್.

ಇಲ್ಲಿ ಒಂದು ವಿಷಯ ಗಮನಿಸಿ. ಮೋರಾ ಅವನನ್ನು ನಂಬಿದ್ದು ಕನಿಕರದಿಂದಲ್ಲ, ದಿನಾ ಅವನ ಆಟ ನೋಡಿದ್ದರಿಂದ.

ಇನ್ನೊಂದು ಮಾತು. ಕೊನೆಯ ಸುತ್ತಿನಲ್ಲಿ ಬಂದ ಪ್ರತಿಯೊಬ್ಬನೂ ಝಾಕ್ ಥಾಮಸ್ ಆಗುವುದಿಲ್ಲ. ಹೆಚ್ಚಿನವರು ಆಗಲಿಲ್ಲ. ಹಿಂದೆ ಬಿದ್ದವನೇ ಕಡೆಗೆ ಗೆಲ್ಲುತ್ತಾನೆ ಅನ್ನೋದು ಸಿನಿಮಾ ನಿಯಮ. ಎತ್ತರ ನೋಡಿ ಒಬ್ಬನನ್ನು ಬಿಡುವುದು ಎಷ್ಟು ತಪ್ಪೋ, ಪಾಪ ಅನ್ನಿಸಿ ಒಬ್ಬನನ್ನು ತಗೊಳ್ಳುವುದೂ ಅಷ್ಟೇ ತಪ್ಪು.

ಸಮುವೇಲನ ಅಧ್ಯಾಯವನ್ನು ಪೂರ್ತಿ ಓದೋಣ

16ನೇ ಅಧ್ಯಾಯ ನಿಮಗೆ ಗೊತ್ತು. ಸಮುವೇಲನು ಇಷಯನ ಮನೆಗೆ ಹೋದ. ಎತ್ತರದ ಎಲೀಯಾಬನನ್ನು ನೋಡಿ ಇವನೇ ಅಂದುಕೊಂಡ. ಏಳು ಮಕ್ಕಳು ಮುಂದೆ ಹಾದುಹೋದರು. ಎಂಟನೆಯವನು ಕುರಿ ಕಾಯ್ತಿದ್ದ. ಮನುಷ್ಯರು ಹೊರಗಿನದನ್ನು ನೋಡುತ್ತಾರೆ, ದೇವರು ಹೃದಯ ನೋಡುತ್ತಾರೆ. ನಾವು ಸಾಮಾನ್ಯವಾಗಿ ಇಲ್ಲಿಗೆ ಪ್ರಸಂಗ ನಿಲ್ಲಿಸಿ ಹಲ್ಲೆಲೂಯ ಅಂತೇವೆ.

ಸ್ವಲ್ಪ ಮುಂದೆ ಓದಿ. ಅದೇ ಅಧ್ಯಾಯದ 18ನೇ ವಚನದಲ್ಲಿ ಸೌಲನ ಸೇವಕನೊಬ್ಬ ದಾವೀದನ ಬಗ್ಗೆ ವರದಿ ಕೊಡುತ್ತಾನೆ. ಕಿನ್ನರಿ ನುಡಿಸುತ್ತಾನೆ, ಧೈರ್ಯವಂತ, ಮಾತಿನಲ್ಲಿ ಜಾಣ, ಹೀಗೆ ಒಂದೊಂದಾಗಿ. ಅಂದರೆ ಆ ಸೇವಕ ಎಲ್ಲೋ ನಿಂತು ದಾವೀದನನ್ನು ನೋಡಿದ್ದಾನೆ. 17ನೇ ಅಧ್ಯಾಯದಲ್ಲಿ ದಾವೀದ ತಾನೇ ಸೌಲನ ಮುಂದೆ ತನ್ನ ಲೆಕ್ಕ ಇಡುತ್ತಾನೆ: ಸಿಂಹ ಬಂತು, ಕರಡಿ ಬಂತು, ಕುರಿ ಬಿಡಿಸಿದೆ. ಯುದ್ಧಭೂಮಿಗೆ ಬರುವ ಮುಂಜಾನೆ ಕುರಿಗಳನ್ನು ಕಾವಲುಗಾರನಿಗೆ ಒಪ್ಪಿಸಿಯೇ ಬಂದಿದ್ದ. ಅದು ಗೊತ್ತಿಲ್ಲದ ಅಣ್ಣ, ಕುರಿ ಯಾರ ಕೈಯಲ್ಲಿ ಬಿಟ್ಟು ಬಂದಿ ಅಂತ ಬೈದ.

ನನ್ನ ಮಾತು ಇಷ್ಟೇ. ಹೃದಯ ನೋಡುವುದು ದೇವರಿಗೆ ಸೇರಿದ ಕೆಲಸ. ನನಗೂ ನಿಮಗೂ ಅದು ಕಾಣೋದಿಲ್ಲ. ಕಾಣದವರು ಕಾಣುತ್ತದೆ ಅಂತ ಹೇಳಬಾರದು. ನಮಗೆ ಕಾಣುವುದು ಒಬ್ಬನು ಪದೇಪದೇ ಮಾಡುವ ಕೆಲಸ. ಅದನ್ನು ಸಹನೆಯಿಂದ ನೋಡಬೇಕು.

ಏನನ್ನು ನೋಡಬೇಕು?

ಮೊದಲನೆಯದು: ರೇಡರ್ ತನ್ನ ಕಡೆ ಬರದಾಗ ಏನು ಮಾಡುತ್ತಾನೆ? ಒಂದು ರೇಡ್ 30 ಸೆಕೆಂಡ್. ಅಂಕಣದಲ್ಲಿ ಏಳು ಜನ. ಹುಡುಗರು ಕಳಿಸುವ ವಿಡಿಯೋದಲ್ಲಿ ಬರೀ ಹಿಡಿದದ್ದೇ ಇರುತ್ತದೆ. ಆದರೆ ಆಟದ ಹೆಚ್ಚಿನ ಹೊತ್ತು ರೇಡರ್ ಆ ಕಡೆ ಇರುತ್ತಾನೆ. ಆಗ ಈ ಕಾರ್ನರ್ ಪಕ್ಕದವನ ಕೈ ಬಿಡದೆ ಸರಪಳಿಯಾಗಿ ಹಿಂದೆ ಸರಿಯುತ್ತಾನೋ? ಜೊತೆಗಾರ ಹಿಡಿದ ಕೂಡಲೇ ಓಡಿ ಬಂದು ದಾರಿ ಮುಚ್ಚುತ್ತಾನೋ? ಇಲ್ಲ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾನೋ?

ಎರಡನೆಯದು: ಎಷ್ಟು ಸಲ ಹೋಗಿ ಎಷ್ಟು ಸಲ ಹಿಡಿದ? ಒಬ್ಬ 10 ಸಲ ಮೇಲೆ ಬಿದ್ದು 4 ಸಲ ಹಿಡಿದ, ಇನ್ನೊಬ್ಬ 6 ಸಲ ಹೋಗಿ 4 ಸಲ ಹಿಡಿದ ಅಂತ ಇಟ್ಟುಕೊಳ್ಳಿ. ಚಪ್ಪಾಳೆ ಇಬ್ಬರಿಗೂ ಒಂದೇ. ಆದರೆ ಹಿಡಿತ ತಪ್ಪಿದಾಗ ಡಿಫೆಂಡರ್ ಔಟ್, ಎದುರಾಳಿಗೆ ಅಂಕ, ಜೊತೆಗೆ ಅವರ ಕಡೆ ಔಟಾದವನು ಒಳಗೆ ಬರುತ್ತಾನೆ. ಮೊದಲನೆಯವನು ತಂಡಕ್ಕೆ ಆರು ಸಲ ಈ ನಷ್ಟ ಮಾಡಿದ, ಎರಡನೆಯವನು ಎರಡೇ ಸಲ. ಎರಡು ಖಾಲಿ ರೇಡ್ ಆದಮೇಲೆ ಮೂರನೇ ರೇಡಿನಲ್ಲಿ ರೇಡರ್ ಅಂಕ ತರಲೇಬೇಕು, ಇಲ್ಲದಿದ್ದರೆ ಅವನೇ ಔಟ್. ಆ ಹೊತ್ತಿನಲ್ಲಿ ಕಾಯುವ ಕಾರ್ನರ್ ಯಾರು, ಆತುರಪಡುವವನು ಯಾರು ಅಂತ ಬರೆದಿಡಿ.

ಮೂರನೆಯದು: ಔಟಾಗಿ ವಾಪಸ್ ಬಂದಮೇಲೆ ಮೊದಲ ರೇಡಿನಲ್ಲಿ ಹೇಗಿದ್ದಾನೆ? ಸಿಟ್ಟು ತೀರಿಸಿಕೊಳ್ಳಲು ಮುನ್ನುಗ್ಗುತ್ತಾನೋ, ಮತ್ತೆ ತನ್ನ ಜಾಗದಲ್ಲಿ ನಿಲ್ಲುತ್ತಾನೋ?

ನಾಲ್ಕನೆಯದು: ಕೊರತೆ ಕಲಿಸಬಹುದಾದದ್ದೋ, ಅಲ್ಲವೋ? ಎತ್ತರ ಕಲಿಸಲು ಆಗುವುದಿಲ್ಲ. ಹಳೆಯ ಮೊಣಕಾಲಿನ ಗಾಯವನ್ನು ಡಾಕ್ಟರ್ ನೋಡಬೇಕು, ಮುಚ್ಚಿಡಬಾರದು. ಆದರೆ ಹೆಜ್ಜೆ ಇಡುವುದು, ಹಿಡಿಯುವ ಸಮಯ, ಮಣ್ಣಿನಲ್ಲಿ ಆಡಿದ ಕಾಲನ್ನು ಮ್ಯಾಟಿಗೆ ಹೊಂದಿಸುವುದು, ಇವೆಲ್ಲ ಕಲಿಸಬಹುದು. ಒಂದೇ ಒಂದು ತಪ್ಪನ್ನು ಹೇಳಿ, ಎರಡು ವಾರ ಬಿಟ್ಟು ಹೋಗಿ ನೋಡಿ. ತಿದ್ದಿಕೊಂಡಿದ್ದರೆ ಆ ಹುಡುಗನ ಬಗ್ಗೆ ನಿಮಗೆ ಬಹಳ ಗೊತ್ತಾದಂತೆ.

ನನ್ನ ನೋಟ್‌ಬುಕ್ಕಿನ ಒಬ್ಬ ಹುಡುಗ

ನಮ್ಮ ತಾಲೂಕಿನ ಒಂದು ಹಳ್ಳಿಯ ತಮ್ಮ. ಹೆಸರು ಬ್ಯಾಡ. ಬಲ ಕಾರ್ನರ್ ಆಡುತ್ತಾನೆ, ಐಟಿಐ ಓದುತ್ತಿದ್ದಾನೆ. ಅಪ್ಪನಿಗೆ ಸ್ವಲ್ಪ ಭತ್ತದ ಹೊಲ. ಒಂದು ತಂಡದ ಟ್ರಯಲ್ಸ್‌ಗೆ ಹೋಗಿ ಆಯ್ಕೆಯಾಗದೆ ಬಂದ.

“ಪಾಸ್ಟರ್ ಅಣ್ಣಾ, ಐಟಿಐ ಬಿಟ್ಟು ಬೆಂಗಳೂರಿಗೆ ಹೋಗ್ಲೇನು? ನನ್ನ ಬಗ್ಗೆ ದೇವರು ಏನ್ ಹೇಳತಾನ, ಪ್ರಾರ್ಥನಾ ಮಾಡಿ ಹೇಳ್ರಿ” ಅಂದ. ಅಪ್ಪ ಪಕ್ಕದಲ್ಲೇ ಕೂತಿದ್ದರು. “ನೀವ ಬ್ಯಾಡ ಅನ್ರಿ, ನಿಮ್ಮ ಮಾತ ಕೇಳತಾನ” ಅಂದರು.

ಪ್ರಾರ್ಥನೆ ಮಾಡಿದೆ. ಆದರೆ ನೀನು ಆಯ್ಕೆಯಾಗ್ತಿ ಅಂತಾಗಲಿ, ಆಗೋದಿಲ್ಲ ಅಂತಾಗಲಿ ಹೇಳಲಿಲ್ಲ. “ಮೊದಲು ನಿನ್ನ ಆಟ ನೋಡಬೇಕು, ತಮ್ಮಾ” ಅಂದೆ. ಮೂರು ಟೂರ್ನಮೆಂಟ್‌ಗೆ ನೋಟ್‌ಬುಕ್ ಹಿಡಿದು ಹೋದೆ. ಅಪ್ಪನನ್ನೂ ಕರಕೊಂಡು ಹೋದೆ. ಮಗನ ಆಟವನ್ನ ಅವರು ಮೊದಲಿಂದ ಕೊನೆ ತನಕ ನೋಡಿದ್ದು ಅದೇ ಮೊದಲು.

ನಮಗೆ ಕಂಡದ್ದು ಇದು. ರೇಡರ್ ಆ ಕಡೆ ಇದ್ದಾಗಲೂ ಅವನು ಸುಮ್ಮನಿರಲ್ಲ, ಸಣ್ಣ ಹುಡುಗರಿಗೆ ಕೂಗಿ ಜಾಗ ಹೇಳುತ್ತಾನೆ. ಕಾಲು ಚಾಚಿ ಬೋನಸ್‌ಗೆ ಬಂದವನ ಪಾದ ಹಿಡಿದರೆ ಬಿಡುವುದಿಲ್ಲ. ಆದರೆ ಒಮ್ಮೆ ಔಟಾಗಿ ಬಂದರೆ ಮುಂದಿನ ರೇಡಿನಲ್ಲೇ ಆತುರಪಟ್ಟು ಮತ್ತೆ ಔಟ್. ತೂಕವೂ ಕಡಿಮೆ. ಇವೆರಡೂ ತಿದ್ದಬಹುದಾದವೇ.

ಮೂವರೂ ಕೂತು ಒಂದು ಕಾಗದದ ಮೇಲೆ ಬರೆದೆವು. ಐಟಿಐ ಬಿಡೋದಿಲ್ಲ. ಶನಿವಾರ, ಭಾನುವಾರ ಆರಾಧನೆ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಮ್ಯಾಟ್ ಮೇಲೆ ಅಭ್ಯಾಸ. ಒಂದು ವರ್ಷ ಗಡುವು. ಆ ವರ್ಷದಲ್ಲಿ ಔಟಾದ ನಂತರದ ರೇಡ್ ಒಂದನ್ನೇ ತಿದ್ದಿಕೊಳ್ಳುವುದು. ಆಮೇಲೆ ಮತ್ತೆ ಟ್ರಯಲ್ಸ್. ಅಲ್ಲಿಯೂ ಆಗದಿದ್ದರೆ ಕೈಯಲ್ಲಿ ಐಟಿಐ ಇರುತ್ತದೆ, ರೈಲ್ವೆಯಂಥ ಕಡೆ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವ ದಾರಿ ನೋಡಬಹುದು. ಅದೂ ಆಗದಿದ್ದರೆ ಊರಿನ ತಂಡಕ್ಕೆ ಸಂತೋಷದಿಂದ ಆಡಬೇಕು. ಅಪ್ಪ ಸಹಿ ಮಾಡಿದರು. ಆ ವರ್ಷ ಇನ್ನೂ ಮುಗಿದಿಲ್ಲ.

ನಿಮಗೆ

ನೀವು ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಹಿಂದೆ ಉಳಿದಿರಬಹುದು. ಹತ್ತು ನಿಮಿಷದಲ್ಲಿ ಯಾರೋ ನಿಮ್ಮನ್ನು ಅಳೆದು ಕಳಿಸಿರಬಹುದು. ಅವರು ನೋಡಿದ್ದು ಹತ್ತು ನಿಮಿಷವನ್ನು ಮಾತ್ರ. ಹಾಗಂತ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಮೇಲಿನ ನಾಲ್ಕು ಪ್ರಶ್ನೆಗಳನ್ನು ನಿಮಗೇ ಕೇಳಿಕೊಳ್ಳಿ. ನಿಮ್ಮ ಸರದಿ ಇಲ್ಲದಾಗ ಏನು ಮಾಡ್ತೀರಿ? ಸೋತು ಬಂದ ಮರುದಿನ ಹೇಗಿರ್ತೀರಿ? ಕೊರತೆಯಲ್ಲಿ ಕಲಿಯಬಹುದಾದದ್ದು ಯಾವುದು?

ನೀವು ಬರೀ ಆಯ್ಕೆಗೆ ನಿಂತವರಲ್ಲ, ಆರಿಸುವವರೂ ಹೌದು. ಆಫೀಸಿನಲ್ಲಿ ಹೊಸಬರನ್ನು ಆರಿಸುತ್ತೀರಿ. ಸಭೆಯಲ್ಲಿ ಹಾಡಲು, ಗಿಟಾರ್ ನುಡಿಸಲು, ಮಕ್ಕಳಿಗೆ ಪಾಠ ಹೇಳಲು ಯಾರು ಅಂತ ಆರಿಸುತ್ತೀರಿ. ದನಿ ಚೆನ್ನಾಗಿರುವವನು ತಟ್ಟನೆ ಕಾಣುತ್ತಾನೆ. ಕೂಟ ಮುಗಿದ ಮೇಲೆ ಕುರ್ಚಿ ಜೋಡಿಸಿ ಹೋಗುವವನು ಕಾಣಬೇಕಾದರೆ ಕಡೆ ತನಕ ನಿಂತು ನೋಡಬೇಕು.

ಈ ವಾರದ ಅಭ್ಯಾಸ: ಯಾರೂ ಗಮನಿಸದ ಒಬ್ಬರನ್ನು ಮೂರು ಸಲ ಗಮನಿಸಿ. ಕಂಡದ್ದನ್ನು ಬರೆಯಿರಿ. ಆಮೇಲೆ ಅವರ ಹತ್ತಿರ ಹೋಗಿ, ಸುಮ್ಮನೆ ನೀನು ಒಳ್ಳೆಯವ ಅನ್ನಬೇಡಿ. ನೀನು ಇಂಥ ದಿನ ಇಂಥ ಕೆಲಸ ಮಾಡಿದ್ದನ್ನು ನಾನು ನೋಡಿದೆ ಅಂತ ಹೇಳಿ. ಎಷ್ಟೋ ಜನ ಆ ಒಂದು ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದಾರೆ.

ಕರ್ತನು ನಮಗೆ ನೋಡುವ ಸಹನೆ ಕೊಡಲಿ. ಆಮೆನ್.